ಬಾನುಲಿ ಮೌನವಾದಾಗ ತಪ್ಪು ತಂತ್ರಾಂಶದ್ದೇ?

ವಾಯುತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1995ರಲ್ಲಿ. ಸಮುದಾಯ ಬಾನುಲಿಯ ಬಾಗಿಲು 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ತೆರೆಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. ಇಂದು ದೇಶದಲ್ಲಿ ಇಂತಹ ಕೇಂದ್ರಗಳು 500ರ ಆಸುಪಾಸಿನಲ್ಲಿವೆ. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8, ಮಣಿಪಾಲದ ರೇಡಿಯೊ ಮಣಿಪಾಲ್ 90.4 ಕನ್ನಡದ ಜೊತೆಗೆ ತುಳು, ಕೊಂಕಣಿ ಆಡುವ ಮನೆಗಳನ್ನೂ ತಲುಪುತ್ತಿವೆ.

ಪರವಾನಗಿ ಸಿಕ್ಕಿದ ಸಂಭ್ರಮದ ಸುದ್ದಿಯನ್ನು ನಾವೆಲ್ಲ ಓದುತ್ತೇವೆ. ಅನಂತರದ ದಿನಗಳ ಕಷ್ಟವನ್ನು ಯಾರೂ ಬರೆಯುವುದಿಲ್ಲ. ಸಣ್ಣ ಕೇಂದ್ರದಲ್ಲಿ ದುಡಿಯುವವರು ಬೆರಳೆಣಿಕೆಯ ಜನ. ದಿನದ ಹೆಚ್ಚಿನ ಪ್ರಸಾರವನ್ನು ನಡೆಸುವುದು ಒಂದು ಕಂಪ್ಯೂಟರ್. ರೇಡಿಯೊಡಿಜೆ, ಝಾರಾರೇಡಿಯೊ, ರಿವೆಂಡೆಲ್‌ನಂತಹ ಉಚಿತ ತಂತ್ರಾಂಶಗಳಲ್ಲಿ ಹಾಡು, ಸಂದರ್ಶನ, ಪ್ರಕಟಣೆಗಳನ್ನು ಹೊತ್ತಿಗೆ ಸರಿಯಾಗಿ ಜೋಡಿಸಿಟ್ಟರೆ ಅವು ತಾವಾಗಿಯೇ ಒಂದರ ಹಿಂದೆ ಒಂದು ಪ್ರಸಾರವಾಗುತ್ತವೆ. ಒಂದು ಬೆಳಿಗ್ಗೆ ಧ್ವನಿ ನಿಂತಿತೆಂದರೆ ಕಡಲಿಗಿಳಿಯುವ ಮುನ್ನ ಹವಾಮಾನ ಕೇಳಲು ಕುಳಿತವನಿಗೆ ಸಿಗುವುದು ಬರೀ ಮೌನ. ಕೇಳುಗ ಎರಡು ಸಲ ಕಾಯುತ್ತಾನೆ, ಮೂರನೆಯ ಸಲ ಬೇರೆ ಕೇಂದ್ರಕ್ಕೆ ತಿರುಗಿಸುತ್ತಾನೆ.

ಇಂತಹ ಹೊತ್ತಿನಲ್ಲಿ ಕೇಳಿಬರುವ ಮೊದಲ ಮಾತು "ಸಾಫ್ಟ್‌ವೇರ್ ಕೆಟ್ಟಿದೆ" ಎಂಬುದು. ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಆದರೆ ಬಹಳಷ್ಟು ಸಲ ದೋಷವಿರುವುದು ತಂತ್ರಾಂಶದ ಹೊರಗೆ. ಅದನ್ನು ಹುಡುಕಲು ಒಂದು ಕ್ರಮವಿದೆ.

ಮೊದಲು ಪರದೆಯ ಮೇಲಿನ ಧ್ವನಿಯ ಮೀಟರ್ ನೋಡಬೇಕು. ಮೀಟರ್ ಕುಣಿಯುತ್ತಿದ್ದೂ ಧ್ವನಿ ಇಲ್ಲವೆಂದರೆ ಫೈಲ್ ಸರಿಯಾಗಿಯೇ ಓಡುತ್ತಿದೆ. ತೊಂದರೆ ಇರುವುದು ಅದರ ಮುಂದೆ, ಅಂದರೆ ಸೌಂಡ್ ಕಾರ್ಡ್, ತಂತಿ ಅಥವಾ ಮಿಕ್ಸರ್‌ನಲ್ಲಿ. ಯಾರೋ ಹೊಸ ಹೆಡ್‌ಫೋನ್ ಅಥವಾ ಮಾನಿಟರ್ ಜೋಡಿಸಿದಾಗ ವಿಂಡೋಸ್ ಧ್ವನಿಯನ್ನು ಅತ್ತ ತಿರುಗಿಸಿಬಿಡಬಹುದು. ತಂತ್ರಾಂಶದಲ್ಲಿ ಸೌಂಡ್ ಕಾರ್ಡನ್ನು ಹೆಸರು ಹಿಡಿದು ಆರಿಸಿಟ್ಟರೆ ಈ ಕಾಟ ತಪ್ಪುತ್ತದೆ. ನಮ್ಮ ಉಪ್ಪು ಗಾಳಿಗೆ ತಂತಿಗಳ ಜ್ಯಾಕ್ ಕಿಲುಬು ಹಿಡಿಯುವುದನ್ನೂ ಮರೆಯಬಾರದು.

ಮೀಟರ್ ಅಲುಗದಿದ್ದರೆ ಫೈಲನ್ನು ಪರೀಕ್ಷಿಸಬೇಕು. ಪ್ಲೇಲಿಸ್ಟ್ ನೆನಪಿಡುವುದು ಫೈಲ್ ಇರುವ ವಿಳಾಸವನ್ನು. ಹೊರಗಿನ ಹಾರ್ಡ್‌ಡಿಸ್ಕಿನ ಅಕ್ಷರ 'ಡಿ' ಇದ್ದದ್ದು 'ಇ' ಆದರೆ, ಇಲ್ಲವೇ ಫೋಲ್ಡರಿನ ಹೆಸರು ಬದಲಾದರೆ, ಕಾರ್ಯಕ್ರಮ ಸಿಗುವುದಿಲ್ಲ. ಕನ್ನಡ ಅಕ್ಷರದಲ್ಲಿ ಹೆಸರಿಟ್ಟ ಫೈಲ್‌ಗಳನ್ನು ಕೆಲವು ಹಳೆಯ ತಂತ್ರಾಂಶಗಳು ತೆರೆಯಲಾರವು. ಕೇಳುಗರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಧ್ವನಿ ಸಂದೇಶದ ಮಾದರಿಯೂ ಎಲ್ಲ ತಂತ್ರಾಂಶಗಳಿಗೆ ಹಿಡಿಸದು. ಅದನ್ನು ಆಡಾಸಿಟಿಯಂತಹ ಉಚಿತ ಸಾಧನದಲ್ಲಿ ಎಂಪಿ3 ಅಥವಾ ವೇವ್ ಆಗಿ ಮಾರ್ಪಡಿಸಿ, ಎಲ್ಲವನ್ನೂ 44.1 ಅಥವಾ 48 ಕಿಲೋಹರ್ಟ್ಸ್ ಎಂಬ ಒಂದೇ ಅಳತೆಯಲ್ಲಿ ಇಡುವುದು ಒಳ್ಳೆಯದು.

ಧ್ವನಿ ಬಂದರೂ ಕಟಕಟ ಎಂದು ತುಂಡಾಗುತ್ತಿದ್ದರೆ ಕಂಪ್ಯೂಟರಿಗೆ ಉಸಿರು ಕಟ್ಟಿದೆ ಎಂದರ್ಥ. ಬಫರ್ ಸ್ವಲ್ಪ ಹೆಚ್ಚಿಸಬೇಕು, ಯುಎಸ್‌ಬಿಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸಬೇಕು, ಆಂಟಿವೈರಸ್ ಪ್ರಸಾರದ ಹೊತ್ತಿನಲ್ಲಿ ಹಾಡಿನ ಫೋಲ್ಡರನ್ನು ತಡಕಾಡದಂತೆ ನೋಡಿಕೊಳ್ಳಬೇಕು. ಮೆಲುದನಿಯ ಮಾತು ಕೊನೆಯಲ್ಲಿ ಕತ್ತರಿಸಿಹೋಗುತ್ತಿದ್ದರೆ, ತಂತ್ರಾಂಶ ಆ ಮೆಲುದನಿಯನ್ನೇ ಮೌನವೆಂದು ಎಣಿಸಿ ಮುಂದಿನದಕ್ಕೆ ಹಾರುತ್ತಿರಬಹುದು. ಮೌನದ ಮಿತಿಯನ್ನು ತಗ್ಗಿಸಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಏಳು ಗಂಟೆಯ ಕಾರ್ಯಕ್ರಮ ಏಳದಿದ್ದರೆ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಹೋಗಿದೆಯೇ ನೋಡಬೇಕು. ಅಲ್ಪ ಬೆಲೆಯ ಒಂದು ಬ್ಯಾಟರಿ ಇಡೀ ಕೇಂದ್ರವನ್ನು ಮೂಕವಾಗಿಸಬಲ್ಲದು.

ಈ ವಿಚಾರ ಈಗ ಏಕೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಅನೇಕವು ವಿಂಡೋಸ್ 11ರ ಷರತ್ತುಗಳನ್ನು ಪೂರೈಸಲಾರವು. ದಾನವಾಗಿ ಬಂದ ಯಂತ್ರಗಳಲ್ಲೇ ನಡೆಯುವ ಕೇಂದ್ರಗಳಿಗೆ ಇದು ಭಾರ. ಪ್ರಸಾರದ ಕಂಪ್ಯೂಟರನ್ನು ಇಂಟರ್ನೆಟ್‌ನಿಂದ ದೂರವಿಟ್ಟು, ಹಾಡು, ಕಾರ್ಯಕ್ರಮಗಳನ್ನು ಬೇರೊಂದರಲ್ಲಿ ತಪಾಸಣೆ ಮಾಡಿ ತರುವುದು ಒಂದು ದಾರಿ. ಲಿನಕ್ಸ್ ಮೇಲೆ ನಡೆಯುವ ರಿವೆಂಡೆಲ್ ಇನ್ನೊಂದು ದಾರಿ. ಆದರೆ ಅದನ್ನು ಕಲಿಯಲು ಸಮಯ ಬೇಕು, ಕಲಿಸುವವರು ಬೇಕು.

2024ರಲ್ಲಿ ಪರಿಷ್ಕೃತ ಮಾರ್ಗಸೂಚಿ ಬಂದಾಗ ಗಂಟೆಗೆ 7 ನಿಮಿಷವಿದ್ದ ಜಾಹೀರಾತು ಅವಧಿ 12 ನಿಮಿಷಕ್ಕೆ ಏರಿತು. ಆದಾಯಕ್ಕೆ ಇದು ಒಳ್ಳೆಯ ಅವಕಾಶ. ಆದರೆ ಹೇಳಿದ ಹೊತ್ತಿಗೆ ಧ್ವನಿ ಹೊರಡದಿದ್ದರೆ ಜಾಹೀರಾತು ಕೊಟ್ಟವರು ಮತ್ತೆ ಬರುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ನಿಜವಾದ ದೌರ್ಬಲ್ಯ ಯಂತ್ರದ್ದಲ್ಲ. ಯಂತ್ರ ಕೊಳ್ಳಲು ದಾನಿಗಳು ಮುಂದೆ ಬರುತ್ತಾರೆ, ಉದ್ಘಾಟನೆಗೆ ಗಣ್ಯರು ಬರುತ್ತಾರೆ. ನಿರ್ವಹಣೆಗೆ ಮಾತ್ರ ಹಣ ಎತ್ತಿಡುವವರು ವಿರಳ. ಇಡೀ ಕೇಂದ್ರದ ತಾಂತ್ರಿಕ ತಿಳಿವಳಿಕೆ ಒಬ್ಬ ಯುವಕನ ತಲೆಯಲ್ಲಿರುತ್ತದೆ. ಅವನು ಗಲ್ಫಿಗೋ ಬೆಂಗಳೂರಿಗೋ ಕೆಲಸ ಸಿಕ್ಕಿ ಹೋದರೆ ತಿಳಿವಳಿಕೆಯೂ ಅವನೊಂದಿಗೆ ವಿಮಾನ ಹತ್ತುತ್ತದೆ.

ಆದ್ದರಿಂದ ಪ್ರತಿ ಕೇಂದ್ರದಲ್ಲಿ ಮೇಜಿನ ಮೇಲೆ ಒಂದು ಪುಸ್ತಕವಿರಲಿ. ಯಾವ ದಿನ ಏನು ನಿಂತಿತು, ಏನು ಮಾಡಿದಾಗ ಸರಿಹೋಯಿತು ಎಂಬುದನ್ನು ಅದರಲ್ಲಿ ಬರೆದಿಡಲಿ. ಕನಿಷ್ಠ ಇಬ್ಬರಿಗೆ ಕೆಲಸ ಬರಲಿ. ಹಾಡು, ಕಾರ್ಯಕ್ರಮಗಳ ಪ್ರತಿ ಇನ್ನೊಂದು ಡಿಸ್ಕಿನಲ್ಲಿರಲಿ. ವರ್ಷದ ಆಯವ್ಯಯದಲ್ಲಿ ದುರಸ್ತಿಗೆಂದೇ ಒಂದು ಸಾಲು ಇರಲಿ. ಜನರ ಧ್ವನಿಗೆಂದು ಕಟ್ಟಿದ ಕೇಂದ್ರ ಒಂದು ಸಡಿಲ ತಂತಿಯಿಂದಾಗಿ ಮೌನವಾಗಬಾರದು.