ಎರಡನೆಯ ಆಟ ಮುಗಿದ ಮೇಲೆ

ಯಾವ ಚಿತ್ರ ನೋಡಬೇಕೆಂಬುದು ಹತ್ತು ನಿಮಿಷದ ಚರ್ಚೆ. ಯಾವ ಚಿತ್ರಮಂದಿರದಲ್ಲಿ ನೋಡಬೇಕೆಂಬುದು ಒಂದು ಇಡೀ ಸಂಜೆಯ ಚರ್ಚೆ. ಮನೆಯ ಮಗ್ಗುಲಲ್ಲೇ ಚಿತ್ರಮಂದಿರವಿರುವ ಮಹಾನಗರದವರಿಗೆ ಇದು ಅತಿಶಯೋಕ್ತಿಯೆಂದು ತೋರಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗೃಹಿಣಿಯರಿಗೆ ಹಾಗೆ ತೋರಲಾರದು. ಅಲ್ಲಿ ನಗರದಲ್ಲಿ ಸಿನೆಮಾ ನೋಡುವುದೆಂದರೆ ಮಂಗಳೂರಿಗೆ ಹೋಗುವುದು. ಬಂಟ್ವಾಳದಿಂದ ಮಂಗಳೂರು ಸುಮಾರು 25 ಕಿಲೋಮೀಟರು, ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60. ಹೋಗುವಾಗ ಉತ್ಸಾಹವು ದಾರಿಯನ್ನು ಕುಗ್ಗಿಸುತ್ತದೆ. ಮರಳುವಾಗ ನಿದ್ದೆಯು ಅದನ್ನೇ ಹಿಗ್ಗಿಸುತ್ತದೆ.

ಊರಿನಲ್ಲೇ ಚಿತ್ರ ನೋಡುವ ಪದ್ಧತಿ ಈ ಕಡೆಗೆ ಹೊಸದಲ್ಲ. ಮೊದಲ ತುಳು ಚಿತ್ರ 'ಎನ್ನ ತಂಗಡಿ' ತೆರೆಗೆ ಬಂದದ್ದು 1971ರಲ್ಲಿ. ಮುಂದೆ ತುಳು ಚಿತ್ರಗಳ ಜಾಹೀರಾತುಗಳಲ್ಲಿ ಮಂಗಳೂರಿನ ಜ್ಯೋತಿಯ ಜೊತೆಜೊತೆಗೇ ಬೆಳ್ತಂಗಡಿಯ ಭಾರತ್, ಮೂಡುಬಿದಿರೆಯ ಅಮರಶ್ರೀ ಎಂಬ ಹೆಸರುಗಳೂ ಅಚ್ಚಾಗುತ್ತಿದ್ದವು. ನಗರದವರು ನೋಡಿದ್ದನ್ನು ತಾಲೂಕಿನವರೂ ಅದೇ ವಾರ ನೋಡುತ್ತಿದ್ದರೆಂಬುದಕ್ಕೆ ಆ ಸಾಲೇ ಸಾಕ್ಷಿ. ಮಂಗಳೂರಿನ ಜ್ಯೋತಿ ಚಿತ್ರಮಂದಿರ ಇಂದು ಇಲ್ಲ. ಆ ವೃತ್ತಕ್ಕೆ ಈಗ ಅಂಬೇಡ್ಕರರ ಹೆಸರು. ಆದರೂ ಬಸ್ಸಿನ ಕಂಡಕ್ಟರನು 'ಜ್ಯೋತಿ, ಜ್ಯೋತಿ' ಎಂದೇ ಕೂಗುತ್ತಾನೆ. ಕಟ್ಟಡ ಹೋದ ಮೇಲೂ ಹೆಸರು ಬಸ್ಸಿನಲ್ಲಿ ಓಡಾಡುತ್ತಿದೆ.

ಈಗಿನ ಆಯ್ಕೆಯೆಲ್ಲ ಮಾಲುಗಳ ನಡುವೆ. ಬಿಜೈಯಲ್ಲಿ ಭಾರತ್ ಮಾಲ್, ಕೆ.ಎಸ್. ರಾವ್ ರಸ್ತೆಯಲ್ಲಿ ಸಿಟಿ ಸೆಂಟರ್, ಪಾಂಡೇಶ್ವರದಲ್ಲಿ ಫಿಜಾ. ತೆರೆ, ಧ್ವನಿ, ಮೆತ್ತನೆಯ ಆಸನ, ಇವುಗಳಲ್ಲಿ ಒಂದಕ್ಕೊಂದು ಸೋಲುವಂಥವಲ್ಲ. ವ್ಯತ್ಯಾಸವಿರುವುದು ಹೊರಗೆ, ಬಸ್ಸಿನ ನಿಲ್ದಾಣದಲ್ಲಿ. ಬೆಳ್ತಂಗಡಿಯ ಕಡೆಯವರಿಗೆ ಧರ್ಮಸ್ಥಳದ ಸರಕಾರಿ ಬಸ್ಸು ಬೇಕು. ಅದು ಹೊರಡುವುದು ಬಿಜೈಯಿಂದ, ಭಾರತ್ ಮಾಲಿನ ಸಮೀಪದಿಂದಲೇ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಖರ್ಚೂ ಇಲ್ಲ. ಮೂಡುಬಿದಿರೆಯವರು ಹೆಚ್ಚಾಗಿ ನೆಚ್ಚುವುದು ಖಾಸಗಿ ಸರ್ವಿಸ್ ಬಸ್ಸನ್ನು. ಅದರ ಮೂಲಸ್ಥಾನ ಸ್ಟೇಟ್ ಬ್ಯಾಂಕಿನ ನಿಲ್ದಾಣ. ಅವರಿಗೆ ಕೆ.ಎಸ್. ರಾವ್ ರಸ್ತೆ, ಪಾಂಡೇಶ್ವರಗಳೇ ಹತ್ತಿರ. ಬಂಟ್ವಾಳದವರಿಗೆ ಎರಡೂ ಕಡೆಯಿಂದ ಅನುಕೂಲ. ಆದುದರಿಂದಲೇ ಅವರ ಮನೆಯಲ್ಲಿ ಚರ್ಚೆ ಹೆಚ್ಚು.

ಇನ್ನು ಹಣದ ಮಾತು. ಟಿಕೇಟಿನ ದರ 200 ರೂಪಾಯಿಯನ್ನು ಮೀರಬಾರದೆಂದು ರಾಜ್ಯ ಸರಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಹೀಗಾಗಿ ಐದಾರು ಜನರ ಸಂಸಾರಕ್ಕೆ ಟಿಕೇಟೊಂದೇ ಸಾವಿರ ರೂಪಾಯಿಯ ಗಡಿಯನ್ನು ದಾಟುವುದು ಆಶ್ಚರ್ಯವಲ್ಲ. ಒಳಗೆ ಹೋದ ಮೇಲೆ ಹುರಿದ ಜೋಳದ ಬೆಲೆ ಕೇಳಿದರೆ ಹಸಿವೇ ಹಿಂದೆ ಸರಿಯುತ್ತದೆ. ಮನೆಯಿಂದ ಚಕ್ಕುಲಿಯ ಡಬ್ಬಿ ಒಯ್ಯೋಣವೆಂದರೆ ಬಾಗಿಲಲ್ಲಿ ತಡೆಯುವ ಹಕ್ಕು ಚಿತ್ರಮಂದಿರದವರಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಗೃಹಿಣಿಯರು ನೆನಪಿಡಬೇಕಾದ ಎರಡು ಮಾತುಗಳಿವೆ: ಕುಡಿಯುವ ಶುದ್ಧ ನೀರನ್ನು ಚಿತ್ರಮಂದಿರ ಉಚಿತವಾಗಿ ಒದಗಿಸಬೇಕು, ಹಸುಗೂಸಿನ ಆಹಾರವನ್ನು ತಾಯಿತಂದೆ ಒಯ್ಯಬಹುದು. ನೀರಿನ ಶೀಶೆಗೆ ಹಣ ತೆರುವ ಮೊದಲು ಉಚಿತ ನೀರು ಎಲ್ಲಿದೆಯೆಂದು ಕೇಳುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಬಸ್ಸು, ಟಿಕೇಟು, ತಿಂಡಿ ಎಲ್ಲದರ ಲೆಕ್ಕವೂ ಆಯಿತು. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಒಂದೇ ಒಂದು ಅಂಶ. ಚರ್ಚೆ ಮುಗಿಯುತ್ತ ಬಂದಾಗ ಒಳಗಿನ ಕೋಣೆಯಿಂದಲೋ ಚಾವಡಿಯ ಮೂಲೆಯಿಂದಲೋ ಒಂದು ಮೆಲುದನಿ ಕೇಳಿಸುತ್ತದೆ: "ನೀವು ಹೋಗಿ ಬನ್ನಿ ಮಕ್ಕಳೇ, ಮನೆಯಲ್ಲಿ ಯಾರಾದರೂ ಒಬ್ಬರು ಬೇಕಲ್ಲ." ಮನೆಯವರು ಇದನ್ನು ಅಜ್ಜಿಯ ಔದಾರ್ಯವೆಂದು ತಿಳಿದು ಹೊರಡುತ್ತಾರೆ. ಅಜ್ಜಿಯಾದರೋ ತನ್ನ ಮೊಣಕಾಲನ್ನೂ, ಚಲಿಸುವ ಮೆಟ್ಟಿಲನ್ನೂ, ಕತ್ತಲೆಯಲ್ಲಿ ಹತ್ತಬೇಕಾದ ಆಸನಗಳ ಸಾಲನ್ನೂ, ನಡುರಾತ್ರಿಯ ಬಸ್ಸನ್ನೂ ಲೆಕ್ಕ ಹಾಕಿ, ತನ್ನಿಂದ ಇತರರಿಗೆ ತೊಂದರೆಯಾಗದಿರಲೆಂದು ಹಿಂದೆ ಸರಿದಿದ್ದಾಳೆ. ನಗರದ ಚಿತ್ರಮಂದಿರವನ್ನು ಆರಿಸಿದ ಗಳಿಗೆಯಲ್ಲೇ ಆಕೆಯನ್ನು ಬಿಟ್ಟುಬಿಡುವ ತೀರ್ಮಾನವೂ ಆಗಿಹೋಗಿರುತ್ತದೆ. ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇಲ್ಲ.

ಈ ಸೀಮೆಯಲ್ಲಿ 'ಆಟ' ಎಂಬ ಮಾತಿಗೆ ಎರಡರ್ಥ. ಸಿನೆಮಾದ ಮೊದಲನೆಯ ಆಟ, ಎರಡನೆಯ ಆಟ ಎಂಬುದು ಒಂದು. ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಆಡುವ ಯಕ್ಷಗಾನದ ಆಟ ಇನ್ನೊಂದು, ಹಿರಿಯದು. ಇಡೀ ರಾತ್ರಿಯ ಬಯಲಾಟಕ್ಕೆ ಹೊರಟ ಮನೆಯಲ್ಲಿ ಯಾರು ಬರಬೇಕು, ಯಾರು ಉಳಿಯಬೇಕು ಎಂಬ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಚಾಪೆ ಹಾಸಿ ಮಗುವನ್ನು ಮಲಗಿಸಿದರಾಯಿತು. ಅಜ್ಜಿ ತೂಕಡಿಸಿ, ಚೆಂಡೆಯ ಸದ್ದಿಗೆ ಎಚ್ಚತ್ತು, ಮತ್ತೆ ಕಥೆಯನ್ನು ಹಿಡಿಯುತ್ತಿದ್ದಳು. ರಾತ್ರಿಯ ವಿನೋದವೆಂದರೆ ಮನೆಮಂದಿಯೆಲ್ಲರ ವಿನೋದ ಎಂಬ ರೂಢಿ ಈ ನೆಲದಲ್ಲಿ ಹಾಗೆ ಬೆಳೆಯಿತು.

ತರುಣರ ಪಕ್ಷದಲ್ಲಿಯೂ ನ್ಯಾಯವಿದೆ. ದೊಡ್ಡ ತೆರೆಯ ವೈಭವವನ್ನು ಬಯಸುವುದು ತಪ್ಪಲ್ಲ. ಮಾಲೆಂದರೆ ಪರಕೀಯ ಸ್ಥಳವೆಂದು ಮೂಗು ಮುರಿಯಬೇಕಾಗಿಯೂ ಇಲ್ಲ. 2014ರ 'ಚಾಲಿ ಪೋಲಿಲು' ಎಂಬ ತುಳು ಚಿತ್ರ ಮಂಗಳೂರಿನ ಇಂಥದೇ ಒಂದು ಮಾಲಿನಲ್ಲಿ ಐನೂರು ದಿನಗಳನ್ನು ಮೀರಿ ಓಡಿತು. ತಮ್ಮ ಮನೆಮಾತು ತೆರೆಯ ಮೇಲೆ ಕೇಳುವುದೆಂದಾದರೆ ಹಳ್ಳಿಯ ಹಿರಿಯರೂ ಚಲಿಸುವ ಮೆಟ್ಟಿಲನ್ನು ಹತ್ತಬಲ್ಲರು. ಆದರೆ ಅವರನ್ನು ಕರೆಯುವವರು ಬೇಕು, ಕೈಹಿಡಿಯುವವರು ಬೇಕು, ಹೊತ್ತೂ ಸರಿಯಾಗಿರಬೇಕು.

ಆದುದರಿಂದ ಚಿತ್ರಮಂದಿರವನ್ನು ಆರಿಸುವ ಸುಲಭ ಸೂತ್ರವೊಂದಿದೆ: ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯಿಂದ ಅಳೆಯುವುದು. ಆ ಅಳತೆಗೆ ಮಂಗಳೂರು ಒಗ್ಗುವುದಾದರೆ ಎರಡನೆಯ ಆಟವನ್ನು ಬಿಟ್ಟು ಮಧ್ಯಾಹ್ನದ ಆಟಕ್ಕೆ ಹೋಗಬಹುದು. ಬೆಳಕಿರುವಾಗಲೇ ಬಸ್ಸು ಸಿಗುತ್ತದೆ. ಒಗ್ಗದಿದ್ದರೆ ಅದೇ ಚಿತ್ರ ಊರಿನ ಸಮೀಪದ ತೆರೆಗೆ ಬರುವವರೆಗೆ ಒಂದು ವಾರ ಕಾದರೆ ನಷ್ಟವೇನಿಲ್ಲ. ಊರಿನ ಆಸನ ತುಸು ಗಟ್ಟಿಯಿರಬಹುದು, ಧ್ವನಿ ತುಸು ಒಡೆದಿರಬಹುದು. ಆದರೆ ಆಟ ಮುಗಿದ ಅರ್ಧ ಗಂಟೆಯಲ್ಲಿ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತು, ನಾಯಕ ಮಾಡಿದ್ದು ಸರಿಯೋ ತಪ್ಪೋ ಎಂದು ವಾದಿಸಬಹುದು. ಜನ ಬಂದರೆ ಮಾತ್ರ ಆ ಊರಿನ ತೆರೆಯೂ ಉಳಿದೀತು.

ಒಂದು ವರ್ಷ ಕಳೆದ ಮೇಲೆ ಚಿತ್ರದ ಕಥೆ ಯಾರಿಗೂ ಪೂರ್ತಿಯಾಗಿ ನೆನಪಿರುವುದಿಲ್ಲ. ಜೊತೆಗೆ ಯಾರಿದ್ದರೆಂಬುದು ಮಾತ್ರ ಎಲ್ಲರಿಗೂ ನೆನಪಿರುತ್ತದೆ.