ಬಾಯ್ಲರು ಕಾಯಿದೆಯೂ ಪರದೇಶದ ನಿಬಂಧನೆಗಳೂ

೧೯೨೩ನೆಯ ಇಸವಿಯ ಬಾಯ್ಲರು ಕಾಯಿದೆಯ ಸ್ಥಾನದಲ್ಲಿ ನಮ್ಮ ಪಾರ್ಲಿಮೆಂಟು ೨೦೨೫ರಲ್ಲಿ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿರುವುದು ವಾಚಕರಿಗೆ ತಿಳಿದೇ ಇದೆ. ಕಾಯಿದೆಯ ಮಾತು ಬದಲಾಯಿತು. ಆದರೆ ಬಹುಕಾಲದಿಂದ ಕಾರ್ಖಾನೆದಾರರನ್ನೂ ಅಧಿಕಾರಿಗಳನ್ನೂ ಕಾಡುತ್ತಿರುವ ಪ್ರಶ್ನೆಯೊಂದು ಇನ್ನೂ ನಿಂತೇ ಇದೆ. ಅಮೆರಿಕ ಅಥವಾ ಯೂರೋಪಿನ ಇಂಜಿನಿಯರುಗಳ ನಿಬಂಧನೆಗಳನ್ನು ಅನುಸರಿಸಿ ರಚಿತವಾದ ಆವಿಪಾತ್ರೆಗಳನ್ನೂ ಒತ್ತಡದ ಪಾತ್ರೆಗಳನ್ನೂ ನಮ್ಮ ದೇಶದ ಸುರಕ್ಷತಾ ಕಾನೂನು ಒಪ್ಪಿಕೊಳ್ಳಬೇಕೋ ಬಾರದೋ ಎಂಬುದೇ ಆ ಪ್ರಶ್ನೆ. ಜಗತ್ತೆಲ್ಲವೂ ಒಪ್ಪಿದ ವಸ್ತುವನ್ನು ನಮ್ಮ ಇನ್‌ಸ್ಪೆಕ್ಟರು ಮತ್ತೆ ಕೆದಕುವುದೇಕೆ ಎಂದು ಒಂದು ಪಕ್ಷದವರು ಕೇಳುತ್ತಾರೆ. ಸ್ವದೇಶದಲ್ಲಿ ಸ್ವದೇಶದ ನಿಯಮವೇ ನಡೆಯಲಿ ಎಂದು ಇನ್ನೊಂದು ಪಕ್ಷದವರು ಗುಡುಗುತ್ತಾರೆ. ಈ ಎರಡು ಮಾತುಗಳೂ ನಮಗೆ ಸಮ್ಮತವಲ್ಲ.

ಇದು ದೆಹಲಿ, ಮುಂಬಯಿಗಳ ಪಂಡಿತರ ಚರ್ಚೆಯೆಂದು ನಮ್ಮ ಜನ ಸುಮ್ಮನಿರುವಂತಿಲ್ಲ. ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಮತ್ತೊಂದಿದೆ. ಕಬ್ಬಿನ ಸಿಪ್ಪೆಯನ್ನು ಉರಿಸಿ ಆವಿಯೆಬ್ಬಿಸುವ ಬಾಯ್ಲರೇ ಇಂಥ ಕಾರ್ಖಾನೆಗಳ ಪ್ರಾಣ. ಅದು ನಿಂತರೆ ಕಡಿದ ಕಬ್ಬು ಗಾಡಿಯಲ್ಲೇ ಒಣಗುತ್ತದೆ. ಅದು ಸಿಡಿದರೆ ಕುಲುಮೆಯ ಮುಂದೆ ನಿಂತಿರುವವನು ನಮ್ಮ ಹಳ್ಳಿಯ ಒಕ್ಕಲಿನ ಮಗನೇ ಹೊರತು ನಿಬಂಧನೆಯನ್ನು ಬರೆದ ಮಹನೀಯನಲ್ಲ.

ನಿಯಮಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಪ್ರಾಣಹಾನಿಯಾದ ಮೇಲೆ, ೧೮೬೪ರಲ್ಲಿ ಬಂಗಾಳದಲ್ಲಿ ಈ ವಿಷಯದ ಮೊದಲ ಕಾನೂನು ಬಂದಿತು. ಬಳಿಕ ಪ್ರಾಂತಕ್ಕೊಂದು ಕಾನೂನಾಗಿ, ಒಂದರಲ್ಲಿ ಯೋಗ್ಯವೆನಿಸಿದ ಪಾತ್ರೆ ಮತ್ತೊಂದರಲ್ಲಿ ಅಯೋಗ್ಯವೆನಿಸುವ ವಿಚಿತ್ರ ಪರಿಸ್ಥಿತಿಯುಂಟಾಯಿತು. ಅದನ್ನು ತೊಡೆಯುವುದಕ್ಕಾಗಿಯೇ ೧೯೨೩ರ ಕಾಯಿದೆ ಬಂದದ್ದು. ಅಮೆರಿಕದಲ್ಲಿಯೂ ಕಥೆ ಬೇರೆಯಲ್ಲ. ೧೯೦೫ರ ಮಾರ್ಚಿ ೨೦ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ರಾಕ್ಟನ್ ಪಟ್ಟಣದ ಪಾದರಕ್ಷೆಯ ಕಾರ್ಖಾನೆಯಲ್ಲಿ ಬಾಯ್ಲರು ಸಿಡಿದು ೫೮ ಮಂದಿ ಮಡಿದರು. ೧೯೦೭ರಲ್ಲಿ ಆ ಸಂಸ್ಥಾನ ಕಾನೂನು ಮಾಡಿತು. ೧೯೧೫ರಲ್ಲಿ ಅಲ್ಲಿನ ಯಂತ್ರಶಿಲ್ಪಿಗಳ ಸಂಘದವರು ತಮ್ಮ ಸಂಹಿತೆಯನ್ನು ಪ್ರಕಟಿಸಿದರು. ಇಂದು ಪ್ರಪಂಚದ ಬಹುಭಾಗದಲ್ಲಿ ಮಾನ್ಯವಾಗಿರುವುದು ಈ ಸಂಹಿತೆಯೇ. ನಮ್ಮ ದೇಶದ ಎಷ್ಟೋ ಕಾರ್ಖಾನೆಗಳು ಅದರ ಮುದ್ರೆಯನ್ನು ಪಡೆದು, ಅದರಂತೆ ಪಾತ್ರೆಗಳನ್ನು ಮಾಡಿ ಹೊರದೇಶಗಳಿಗೆ ಕಳುಹಿಸುತ್ತಿವೆ. ಅದೇ ಕೈ ಅದೇ ಉಕ್ಕಿನಿಂದ ಮಾಡಿದ ಪಾತ್ರೆ ಪರರಿಗೆ ಯೋಗ್ಯ, ನಮಗೆ ಮಾತ್ರ ಅಸ್ಪೃಶ್ಯ ಎನ್ನುವುದು ಯಾವ ನ್ಯಾಯ?

ಶ್ರೀರಂಗಪಟ್ಟಣದವರಿಗೆ ಈ ಮಾತನ್ನು ಹೇಳಿಕೊಡಬೇಕಾಗಿಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಬಾಣಗಳಿಗೆ ಕಬ್ಬಿಣದ ಕೊಳವೆಯಿತ್ತು. ಕಾಗದದ ಕೊಳವೆಗಿಂತ ಅದು ಹೆಚ್ಚು ಒತ್ತಡವನ್ನು ತಾಳುತ್ತಿದ್ದುದರಿಂದಲೇ ಆ ಬಾಣಗಳು ಅಷ್ಟು ದೂರ ಹಾರುತ್ತಿದ್ದುವು. ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಊಲಿಚ್ಚಿಗೆ ಕೊಂಡೊಯ್ದರು. ವಿಲಿಯಂ ಕಾಂಗ್ರೀವ್ ಅದೇ ಮಾದರಿಯ ಮೇಲೆ ತನ್ನ ಬಾಣಗಳನ್ನು ಕಟ್ಟಿದನು. ಶತ್ರುವಿನ ವಿದ್ಯೆಯೆಂದು ಅವರು ದೂರವಿಡಲಿಲ್ಲ. ಬಂದ ಹಾಗೆಯೇ ಕಣ್ಣುಮುಚ್ಚಿ ಉಪಯೋಗಿಸಲೂ ಇಲ್ಲ, ತಮ್ಮ ಮೈದಾನದಲ್ಲಿ ಮತ್ತೆ ಮತ್ತೆ ಹಾರಿಸಿ ನೋಡಿದರು.

ನಮ್ಮ ಕಾನೂನಿನ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಬೆಂಕಿಯಿಲ್ಲದ ಒತ್ತಡದ ಪಾತ್ರೆಗಳಲ್ಲಿ ಅನಿಲ ತುಂಬುವ ಬಗೆಯವು ೧೮೮೪ರ ಸ್ಫೋಟಕಗಳ ಕಾಯಿದೆಗೂ ೨೦೧೬ರ ನಿಯಮಗಳಿಗೂ ಒಳಪಟ್ಟಿವೆ. ಭಾರತೀಯ ಪ್ರಮಾಣ ೨೮೨೫ ಅಥವಾ ಮುಖ್ಯ ನಿಯಂತ್ರಕರು ಒಪ್ಪಿದ ಬೇರೊಂದು ಸಂಹಿತೆ ನಡೆಯುತ್ತದೆಂದು ಅಲ್ಲಿಯೇ ಹೇಳಿದೆ. ಆದರೆ ಆ ೨೮೨೫ನೆಯ ಪ್ರಮಾಣವು ೧೯೬೯ರದು. ಅರ್ಧ ಶತಮಾನ ಕಳೆದರೂ ಮೂಲಗ್ರಂಥವನ್ನು ಹೊಸದಾಗಿ ಬರೆಯದೆ ತಿದ್ದುಪಡಿಗಳಿಂದಲೇ ಕಾಲ ನೂಕುತ್ತ, ಪರದೇಶದ ಗ್ರಂಥ ಬೇಡವೆನ್ನುವುದು ನಗೆಪಾಟಲಲ್ಲವೆ?

ಆದುದರಿಂದ ಒಪ್ಪುವುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ಭಯವಿರುವುದು ಅರ್ಧ ಒಪ್ಪುವುದರಲ್ಲಿ. ಉದಾಹರಣೆಗೆ, ಅಮೆರಿಕದ ಸಂಹಿತೆಯ ಎಂಟನೆಯ ಭಾಗದ ಮೊದಲ ವಿಭಾಗದಲ್ಲಿ ಉಕ್ಕಿನ ಕರ್ಷಣ ಬಲಕ್ಕೆ ಹಿಂದೆ ನಾಲ್ಕು ಪಟ್ಟು ಅಂತರವನ್ನಿಡುತ್ತಿದ್ದರು. ೧೯೯೯ರಲ್ಲಿ ಅದನ್ನು ಮೂರೂವರೆಗೆ ಇಳಿಸಿದರು. ನೀರು ತುಂಬಿ ಮಾಡುವ ಪರೀಕ್ಷೆಯೂ ಒಂದೂವರೆ ಪಟ್ಟಿನಿಂದ ೧.೩ ಪಟ್ಟಿಗೆ ಇಳಿಯಿತು. ಈ ಬಲವೇ ದಪ್ಪವನ್ನು ನಿರ್ಣಯಿಸುವ ಕಡೆ ತಗಡು ಎಂಟರಲ್ಲಿ ಒಂದು ಪಾಲು ತೆಳುವಾದಂತಾಯಿತು. ಇದನ್ನು ಅವರು ಲೋಭದಿಂದ ಮಾಡಲಿಲ್ಲ. ಉಕ್ಕು ಉತ್ತಮವಾಗಿತ್ತು; ಚಳಿಯಲ್ಲಿ ಉಕ್ಕು ಬಿರಿಯದಂತೆ ನಿಯಮಗಳಿದ್ದುವು; ಬೆಸುಗೆಯನ್ನು ಕ್ಷಕಿರಣದಿಂದ ಶೋಧಿಸುವ ಪದ್ಧತಿ ಬೆಳೆದಿತ್ತು. ಈಗ ನಮ್ಮ ವರ್ತಕನೊಬ್ಬನು ಆ ಪುಸ್ತಕದಿಂದ ತೆಳು ತಗಡನ್ನು ಮಾತ್ರ ಆರಿಸಿಕೊಂಡು, ಬೆಸುಗೆಯ ಶೋಧನೆಯನ್ನು ಇನ್ನೊಂದು ಪುಸ್ತಕದ ಸಡಿಲ ಮಾತಿನಂತೆ ಮಾಡಿಸಿ, ಉಕ್ಕನ್ನು ಪೇಟೆಯಲ್ಲಿ ಸಿಕ್ಕಿದಂತೆ ಕೊಂಡರೆ, ಮೂರು ಸಂಹಿತೆಗಳ ಹೆಸರು ಹೊತ್ತ ಆ ಪಾತ್ರೆ ಯಾವೊಂದು ಸಂಹಿತೆಗೂ ಸೇರಿದುದಲ್ಲ. ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲದ ಕಸಬುದಾರನನ್ನು ಕೇಳಿ ನೋಡಿ: ಒಬ್ಬನ ಎರಕ, ಇನ್ನೊಬ್ಬನ ಪಾಕ, ಮತ್ತೊಬ್ಬನ ಅಳತೆ ಕೂಡಿಸಿದ ಕೊಡಕ್ಕೆ ಅವನು ಹೊಣೆ ನಿಲ್ಲುವನೆ?

ಪರದೇಶದ ಪರೀಕ್ಷಕರ ರುಜುವಿನ ವಿಷಯವೂ ಹೀಗೆಯೇ. ಪಾತ್ರೆ ತಯಾರಾದ ಕಾಲಕ್ಕೆ ಅದು ಸಾಕ್ಷಿಯೆಂದು ಒಪ್ಪೋಣ. ಆದರೆ ಪಾತ್ರೆ ಇಲ್ಲಿಗೆ ಬಂದ ಮೇಲೆ ನಮ್ಮ ನೀರಿನಿಂದ ಕಿಲುಬುತ್ತದೆ, ನಮ್ಮ ಬೆಂಕಿಗೆ ಸವೆಯುತ್ತದೆ. ೨೦೧೭ರ ನವೆಂಬರು ೧ರಂದು ಉತ್ತರ ಪ್ರದೇಶದ ಊಂಚಾಹಾರದ ವಿದ್ಯುತ್ ಕೇಂದ್ರದ ಬಾಯ್ಲರು ದುರಂತದಲ್ಲಿ ೩೦ಕ್ಕೂ ಹೆಚ್ಚು ಜನ ಸತ್ತರು. ಅದು ಹೊಚ್ಚಹೊಸ ಘಟಕವಾಗಿತ್ತು. ಹೊಸದೆಂಬ ಹೆಗ್ಗಳಿಕೆ ಅಲ್ಲಿ ಯಾರನ್ನೂ ಕಾಯಲಿಲ್ಲ. ವರ್ಷದ ಪರೀಕ್ಷೆಯ ಹೊಣೆ ನಮ್ಮ ಸರಕಾರದ ಅಧಿಕಾರಿಯದೇ ಆಗಿರತಕ್ಕದ್ದು, ಇಲ್ಲವೆ ಸರಕಾರಕ್ಕೆ ಉತ್ತರ ಹೇಳಬೇಕಾದವನದು.

ಹೊಸ ಕಾಯಿದೆಯ ಕೆಳಗೆ ನಿಯಮಗಳನ್ನು ರಚಿಸುವ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ. ಯಾವ ಸಂಹಿತೆಯಾದರೂ ಸರಿ, ಅದರ ಹೆಸರೂ ಇಸವಿಯೂ ಪಾತ್ರೆಯ ಮೇಲೆ ಕೆತ್ತಿರಬೇಕು. ಉಕ್ಕಿನಿಂದ ಕೊನೆಯ ಪರೀಕ್ಷೆಯವರೆಗೆ ಆ ಒಂದೇ ಸಂಹಿತೆ ನಡೆಯಬೇಕು. ಡಾಲರು ತೆತ್ತು ಕೊಳ್ಳಬೇಕಾದ ಆ ಗ್ರಂಥಗಳ ಪ್ರತಿಗಳನ್ನು ಸರಕಾರವೇ ಕೊಂಡು ಪ್ರತಿಯೊಂದು ಇನ್‌ಸ್ಪೆಕ್ಟರರ ಕಚೇರಿಯಲ್ಲಿಡಬೇಕು. ಕಾರ್ಖಾನೆದಾರನ ಪುಸ್ತಕವನ್ನು ಎರವಲು ಪಡೆದು ಅವನ ಪಾತ್ರೆಯನ್ನೇ ಪರೀಕ್ಷಿಸುವ ಅಧಿಕಾರಿಯ ಅವಸ್ಥೆ ಶೋಚನೀಯ. ಇನ್ನು ಬಾಯ್ಲರನ್ನು ಕಾಯುವವನಿಗೆ ಬೇಕಾದುದು ಇಂಗ್ಲಿಷಿನ ಸಂಹಿತೆಯಲ್ಲ. ನೀರಿನ ಮಟ್ಟ ಇಳಿದಾಗ, ರಕ್ಷಾಕವಾಟ ತೆರೆಯದೆ ಹೋದಾಗ ತಕ್ಷಣ ಮಾಡಬೇಕಾದುದೇನೆಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚುಮಾಡಿಸಿ ಕುಲುಮೆಯ ಎದುರಿನ ಗೋಡೆಗೆ ತಗುಲಿಸಬೇಕು. ಬೆಂಗಳೂರಿನ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯವರು ಮನಸ್ಸು ಮಾಡಿದರೆ, ಮುಂದಿನ ಕಬ್ಬು ಅರೆಯುವ ಕಾಲಕ್ಕೆ ಮೊದಲೇ ಪಾಂಡವಪುರಕ್ಕೂ ಮಾಕವಳ್ಳಿಗೂ ಅಂಥ ಪ್ರಕಟನೆಯನ್ನು ಕಳುಹಿಸುವುದು ಕಷ್ಟವೇನಲ್ಲ; ಅದಕ್ಕೆ ದೆಹಲಿಯ ಅಪ್ಪಣೆಯೂ ಬೇಕಾಗಿಲ್ಲ.