ಮಾತ್ರೆ ಕೊಡುವ ಕೈಗೆ ಮಾತನ್ನೂ ಕೊಡಿ

ವಾರಕ್ಕೊಮ್ಮೆ ಬಿಸಿಯೂಟ ಮುಗಿದ ಮೇಲೆ ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಹಂಚುತ್ತಾರೆ. ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ದಾಟಿದವರಿಗೆ ನೀಲಿ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಒಂದು ಕನ್ನಡ ಸಾಲಿಯಲ್ಲಿ ಐದನೇ ಇಯತ್ತೆಯ ಹುಡುಗಿ ಕೇಳಿದ್ದು ನನಗಿನ್ನೂ ನೆನಪಿದೆ: ‘ಇದ್ಯಾಕ್ರೀ ಅಕ್ಕೋರ?’ ಉತ್ತರ ಬಂತು: ‘ರಕ್ತ ಆಗ್ತೈತಿ, ನುಂಗ.’ ಹುಡುಗಿ ನುಂಗಿದಳು. ಮರುದಿನ ಸಂಡಾಸ ಕರ್ರಗಾದದ್ದು ಕಂಡು ಅವಳ ತಾಯಿ ಹೆದರಿದರು. ಮುಂದಿನ ವಾರ ಮಾತ್ರೆ ಶಾಲೆಯ ಹಿತ್ತಲಿನ ಗೋಡೆಯಾಚೆ ಬಿತ್ತು.

ಆ ಅಕ್ಕೋರದು ತಪ್ಪಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಅದಕ್ಕೆ ಅಂಜಬೇಕಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಊಟದ ಜತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಲಿಂಬೆ ಹಿಂಡಿಕೊಂಡು ಉಂಡರೆ ಹೆಚ್ಚಾಗುತ್ತದೆ. ಇಷ್ಟು ವಿವರಿಸಲು ಹತ್ತು ನಿಮಿಷ ಸಾಕು. ಬೆಳಗ್ಗೆ ಚಹಾದಲ್ಲಿ ಖಾರಿ ಅದ್ದಿಕೊಂಡು ತಿಂದು ಶಾಲೆಗೆ ಬರುವ ನಮ್ಮ ಕಡೆಯ ಮಕ್ಕಳಿಗೆ ಆ ಹತ್ತು ನಿಮಿಷದ ಪಾಠ ಮಾತ್ರೆಯಷ್ಟೇ ಮುಖ್ಯ.

ಸರ್ಕಾರ ಪ್ರಾಥಮಿಕ ಶಿಕ್ಷಕರ ಕೈಯನ್ನು ಪೂರ್ತಿಯಾಗಿ ನಂಬಿದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಜಂತುಹುಳುವಿನ ಮಾತ್ರೆ, ಶುಚಿ ಯೋಜನೆಯ ಪ್ಯಾಡು, ಎಲ್ಲವೂ ಆ ಕೈಯಿಂದಲೇ ಮಕ್ಕಳಿಗೆ ತಲುಪಬೇಕು. ಆರೋಗ್ಯವನ್ನು ಕಲಿಸುವ ಮಾತು ಬಂದಾಗ ಮಾತ್ರ ಅದೇ ಸರ್ಕಾರ ಶಿಕ್ಷಕರನ್ನು ಬಿಟ್ಟು ಬೇರೆಯವರನ್ನು ಹುಡುಕುತ್ತದೆ. ನನ್ನ ತಕರಾರು ಇದೇ.

2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಎಂಟರಿಂದ ಹನ್ನೆರಡನೇ ತರಗತಿಯವರೆಗೆ ವಾರಕ್ಕೆ ಎರಡು ಬಾರಿ ಲೈಂಗಿಕ ಆರೋಗ್ಯದ ಪಾಠ ನಡೆಯಲಿದೆ, ವೈದ್ಯಕೀಯ ಸಿಬ್ಬಂದಿ ಬಂದು ಪಾಠ ಮಾಡುತ್ತಾರೆ ಎಂದು ಪ್ರಕಟಿಸಿದರು. ಪಾಠ ಬೇಕೆಂಬ ನಿಲುವನ್ನು ನಾನು ಎದೆತುಂಬಿ ಸ್ವಾಗತಿಸುತ್ತೇನೆ. ಆದರೆ ಎಲ್ಲಿಂದ ಶುರು ಮಾಡಬೇಕು, ಯಾರು ಕಲಿಸಬೇಕು ಎಂಬ ಎರಡು ಪ್ರಶ್ನೆಗಳಲ್ಲೂ ಈ ಪ್ರಕಟಣೆ ದಾರಿ ತಪ್ಪಿದೆ.

ಮೊದಲು ಯಾರು ಎಂಬುದನ್ನು ನೋಡೋಣ. ಒಂದು ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತು, ಹತ್ತು ಎಂದು ಮೂರು ತರಗತಿ. ವಾರಕ್ಕೆರಡರಂತೆ ಆರು ಅವಧಿ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಸುತ್ತ ಇಂಥ ಮೂರು ಶಾಲೆಗಳಿದ್ದರೆ ವಾರಕ್ಕೆ ಹದಿನೆಂಟು ಅವಧಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಂಥ ಕಡೆ ಬೆಳಗ್ಗೆಯಿಂದ ಜ್ವರದವರು, ಬಸುರಿಯರು ಸಾಲುಗಟ್ಟಿ ಕೂತಿರುವಾಗ ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಚಾಕ್‌ಪೀಸ್ ಹಿಡಿಯುವುದು ಯಾವಾಗ? ಮೊದಲ ತಿಂಗಳು ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಮಳೆಗಾಲ ಹಿಡಿದ ಮೇಲೆ ಬರಲಾಗುವುದಿಲ್ಲ. ಇದು ವೈದ್ಯರ ಮೇಲಿನ ದೂರಲ್ಲ. ಅವರನ್ನು ಅವರ ಕೆಲಸ ಮಾಡಲು ಬಿಡಿ ಎನ್ನುತ್ತಿದ್ದೇನೆ.

‘ಆರೋಗ್ಯದ ವಿಷಯ ವೈದ್ಯರಿಗಲ್ಲದೆ ಇನ್ನಾರಿಗೆ ತಿಳಿದೀತು?’ ಎನ್ನುವವರಿಗೆ ಬೆಳಗಾವಿ ಜಿಲ್ಲೆಯೇ ಜಗತ್ತಿನ ಮುಂದೆ ಒಂದು ಉತ್ತರ ಕೊಟ್ಟಿದೆ. ನೆಹರು ನಗರದ ಜೆ.ಎನ್. ವೈದ್ಯಕೀಯ ಕಾಲೇಜಿನ ಸಂಶೋಧಕರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರನ್ನು ಒಳಗೊಂಡ ಅಧ್ಯಯನ ನಡೆಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರಾಸ್ಟಾಲ್ ಮಾತ್ರೆ ನುಂಗಿಸಿದರೆ ಅತಿಯಾದ ರಕ್ತಸ್ರಾವ ತಪ್ಪುತ್ತದೆಯೇ ಎಂಬುದು ಅವರ ಪ್ರಶ್ನೆ. ಹಳ್ಳಿಯಲ್ಲಿ ಆ ಮಾತ್ರೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ನರ್ಸಬಾಯಿಗಳು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದೇ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜೀವ ಉಳಿಸುವ ಕೆಲಸವನ್ನೇ ತರಬೇತಿ ಕೊಟ್ಟು ಹಳ್ಳಿಯ ನರ್ಸಬಾಯಿಗೆ ವಹಿಸಿ ಗೆದ್ದ ಜಿಲ್ಲೆಯಿದು. ಚಹಾ, ಲಿಂಬೆಯ ಪಾಠವನ್ನು ಪ್ರಾಥಮಿಕ ಶಿಕ್ಷಕಿಗೆ ಒಪ್ಪಿಸಲು ನಾವೇಕೆ ಹಿಂಜರಿಯಬೇಕು?

ಈಗ ಎಲ್ಲಿಂದ ಎಂಬುದು. ಎಂಟನೇ ತರಗತಿಯ ಹೊತ್ತಿಗೆ ಬಹುಪಾಲು ಹುಡುಗಿಯರು ಮುಟ್ಟಾಗಿರುತ್ತಾರೆ. ಏನೂ ತಿಳಿಯದೆ ಒಂದು ದಿನ ಬಟ್ಟೆಯ ಮೇಲೆ ರಕ್ತ ಕಂಡು ತಾನು ಸಾಯುತ್ತೇನೆಂದು ಅತ್ತ ಮಗುವಿಗೆ ಮೂರು ವರ್ಷ ತಡವಾಗಿ ಪಾಠ ಹೇಳಿ ಏನು ಬಂತು? ರಕ್ತಹೀನತೆಯಂತೂ ಎಂಟನೇ ತರಗತಿಗಾಗಿ ಕಾಯುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9. ಅಂದಿನ ಆ ಕೂಸುಗಳೇ ಈಗ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕೂತಿದ್ದಾರೆ.

ಖಾನಾಪುರದ ಮಕ್ಕಳಿಗೆ ಬೇಕಾದ ಪಾಠ ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕದಿಂದಷ್ಟೇ ಸಿಗುವುದೂ ಇಲ್ಲ. ಗೋವಾದ ಸತ್ತರಿ ಭಾಗದ ಗೇರು ತೋಟಗಳಿಗೆ ದುಡಿಯಲು ಹೋಗಿದ್ದ ಬೆಳಗಾವಿ ಜಿಲ್ಲೆಯ ಕೂಲಿಗಳಲ್ಲಿ 2016ರಲ್ಲಿ ಮಂಗನ ಕಾಯಿಲೆ ಕಾಣಿಸಿತು. ಕಾಡಿನ ಅಂಚಿನಲ್ಲಿ ದನ ಕಾಯುವ, ಸೌದೆ ಆರಿಸುವ ಮನೆಯ ಮಗುವಿಗೆ ಆ ಕಾಯಿಲೆ ಹರಡುವ ಉಣುಗು ಕಚ್ಚಿದರೆ ಏನು ಮಾಡಬೇಕು, ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕು ಎಂಬುದು ಗೊತ್ತಿರಬೇಕು. ಇದೇ ತಾಲ್ಲೂಕಿನ ಭೀಮಗಡ ಅಭಯಾರಣ್ಯದೊಳಗಿನ ಊರುಗಳಲ್ಲಿ ಹಾವು ಕಡಿತ ದಿನದ ಭಯ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆದರೆ ಹಗ್ಗ ಬಿಗಿಯಬಾರದು, ಗಾಯ ಕೊಯ್ಯಬಾರದು, ಕಡಿಸಿಕೊಂಡವರನ್ನು ನಡೆಸಬಾರದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು ಎಂಬ ನಾಲ್ಕು ಮಾತು ಎಷ್ಟು ಶಿಕ್ಷಕರಿಗೆ ಕಲಿಸಿದ್ದೇವೆ?

2019ರ ನವೆಂಬರ್‌ನಲ್ಲಿ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಯ ಬಾಲಕಿಗೆ ಕೋಣೆಯೊಳಗೇ ಹಾವು ಕಚ್ಚಿತು. ಆಸ್ಪತ್ರೆಗೆ ಒಯ್ಯಲು ತಡ ಮಾಡಿದರೆಂದು ಸಹಪಾಠಿಗಳೇ ದೂರಿದರು. ಮಗು ಉಳಿಯಲಿಲ್ಲ. ಶಿಕ್ಷಕರ ಅಮಾನತಾಯಿತು, ಊರು ಬೀದಿಗಿಳಿಯಿತು. ಅಮಾನತಿನ ಆದೇಶ ಬರೆಯಲು ಒಂದು ದಿನ ಸಾಕು. ತರಬೇತಿಗೆ ಅದೇ ಅವಸರ ತೋರುವವರು ಎಲ್ಲೂ ಸಿಗುವುದಿಲ್ಲ.

ಇನ್ನು ಸಂಸ್ಕೃತಿಯ ಹೆಸರಿನ ವಿರೋಧ. ಬಸವರಾಜ ಹೊರಟ್ಟಿಯವರು ಶಿಕ್ಷಣ ಸಚಿವರಾಗಿದ್ದ 2007ರಲ್ಲಿ ಲೈಂಗಿಕ ಆರೋಗ್ಯವನ್ನೂ ಕಲಿಸುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕ ತಡೆ ಹಾಕಿತು. ಮಹಾರಾಷ್ಟ್ರ, ಮಧ್ಯಪ್ರದೇಶಗಳೂ ಅದೇ ಹಾದಿ ಹಿಡಿದವು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಇಂದಿಗೂ ನೈತಿಕ ಪಾಠ ಸಾಕು ಎನ್ನುವವರಿದ್ದಾರೆ. ಮಕ್ಕಳ ಬಗೆಗಿನ ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮೌನದಿಂದ ಯಾವ ಮಗುವೂ ಸುರಕ್ಷಿತವಾಗಿಲ್ಲ. ದೇಹದ ಭಾಗಗಳಿಗೆ ಹೆಸರೇ ಗೊತ್ತಿಲ್ಲದ ಮೂರನೇ ಇಯತ್ತೆಯ ಮಗು ತನಗಾದ ಅನ್ಯಾಯವನ್ನು ಯಾವ ಶಬ್ದದಲ್ಲಿ ಹೇಳಬೇಕು? 2012ರ ಪೋಕ್ಸೊ ಕಾಯ್ದೆಯಂತೆ ಇಂಥ ಅಪರಾಧ ತಿಳಿದ ಶಿಕ್ಷಕರು ಅದನ್ನು ವರದಿ ಮಾಡಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಒಂಬತ್ತನೇ ತರಗತಿಯಿಂದ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ನೀಡಲು ಪಠ್ಯ ಸಿದ್ಧಪಡಿಸಬೇಕೆಂದು ಸರ್ಕಾರಕ್ಕೆ ಸೂಚಿಸಿತು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕಾಯ್ದೆಯ ಪಾಠ ಬೇಕಿಲ್ಲ, ತಮ್ಮ ಮಾತನ್ನು ನಂಬುವ, ಕೇಳಿದ ಮೇಲೆ ಏನು ಮಾಡಬೇಕೆಂದು ಬಲ್ಲ ಒಬ್ಬ ಅಕ್ಕೋರು ಬೇಕು. ವಾರಕ್ಕೆರಡು ಸಲ ಬಂದು ಹೋಗುವವರ ಮುಂದೆ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಶಿಕ್ಷಕರ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ‘ಇದನ್ನೂ ನಮ್ಮ ತಲೆಗೇ ಕಟ್ಟತೀರೇನ್ರೀ?’ ಎಂದು ಅವರು ಕೇಳುವುದು ನ್ಯಾಯ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅವರನ್ನು ಮನೆಮನೆ ಅಲೆಸಲಾಯಿತು, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. ಆಯುಷ್ಮಾನ್ ಭಾರತದಡಿ 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ನೀಡಬೇಕೆಂದಿತು. ಅದರ ಹನ್ನೊಂದು ವಿಷಯಗಳ ಪಟ್ಟಿ ಚೆನ್ನಾಗಿಯೇ ಇದೆ. ಆದರೆ ಕಾಡಿನೂರಿನ ಏಕೋಪಾಧ್ಯಾಯ ಶಾಲೆಯಲ್ಲಿ ಇಬ್ಬರನ್ನು ಎಲ್ಲಿಂದ ತರುವುದು? ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿನ ಬಿಆರ್‌ಸಿಗೆ, ಅಲ್ಲಿಂದ ಕ್ಲಸ್ಟರಿಗೆ ಇಳಿದು ಬರುವ ತರಬೇತಿ ಶಾಲೆ ಮುಟ್ಟುವಷ್ಟರಲ್ಲಿ ನೀರು ಬೆರೆಸಿದ ಹಾಲಾಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ಪ್ರಾಥಮಿಕ ಶಿಕ್ಷಕರಾಗಲು ಡಿ.ಇಎಲ್.ಇಡಿ. ಓದುವ ಎರಡು ವರ್ಷದಲ್ಲೇ ಈ ಕೆಲಸ ಶುರುವಾಗಬೇಕು. ಮಕ್ಕಳ ದೈಹಿಕ, ಮಾನಸಿಕ ಆರೋಗ್ಯವನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾದರಿ ಪಠ್ಯಕ್ರಮ ಒಂದು ಪ್ರತ್ಯೇಕ ವಿಷಯವಾಗಿಯೇ ಹೆಸರಿಸಿದೆ. ಅದನ್ನು ನೋಟ್ಸ್ ಬರೆಸಿ ಮುಗಿಸುವ ಬದಲು ಪ್ರಶಿಕ್ಷಣಾರ್ಥಿಗಳನ್ನು ಹದಿನೈದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಅಂಗನವಾಡಿಯಲ್ಲಿ ಕೆಲಸಕ್ಕೆ ಹಚ್ಚಿ. ಈಗಾಗಲೇ ಕಲಿಸುತ್ತಿರುವವರಿಗೆ ತಿಂಗಳ ಸಮಾಲೋಚನಾ ಸಭೆಯಲ್ಲಿ ಒಂದು ತಾಸು ಮೀಸಲಿಡಿ. ಆ ಭಾಗದ ನರ್ಸಬಾಯಿ ಅಲ್ಲಿಗೆ ಬಂದು ಒಂದೊಂದು ತಿಂಗಳು ಒಂದೊಂದು ವಿಷಯವನ್ನು ಮಾಡಿ ತೋರಿಸಲಿ: ಫಿಟ್ಸ್ ಬಂದ ಮಗುವನ್ನು ಮಗ್ಗುಲಿಗೆ ಮಲಗಿಸುವುದು, ಓಆರ್‌ಎಸ್ ಕಲಸುವುದು, ಕಣ್ಣು ಮಸುಕಾದ ಮಗುವನ್ನು ಗುರುತಿಸುವುದು, ಮುಟ್ಟಿನ ಬಗ್ಗೆ ನಾಚಿಕೆಯಿಲ್ಲದೆ ಮಾತಾಡುವುದು. ಬೆಳಗಾವಿಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ, ಜೆ.ಎನ್. ವೈದ್ಯಕೀಯ ಕಾಲೇಜಿದೆ, ಸರ್ಕಾರದ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ. ಒಂದೇ ಊರಿನ ಈ ಮೂವರು ಒಂದು ಮೇಜಿಗೆ ಕೂತರೆ ಖಾನಾಪುರ ತಾಲ್ಲೂಕಿಗೆ ಬೇಕಾದ ಪಾಠಗಳನ್ನು ಒಂದು ಬೇಸಿಗೆ ರಜೆಯಲ್ಲಿ ಸಿದ್ಧಪಡಿಸಬಹುದು. ಇದಕ್ಕೆ ಪ್ರತಿಯಾಗಿ ಶಿಕ್ಷಕರ ಮೇಲಿನ ಬೇರೆ ಹೊರೆಯಲ್ಲಿ ಒಂದನ್ನಾದರೂ ಇಳಿಸಬೇಕು. ಹೊಸ ರಿಜಿಸ್ಟರ್ ಒಂದೂ ಬರಕೂಡದು.

ಇನ್ನು ಪಾಠದ ಭಾಷೆ. ಮಹಾರಾಷ್ಟ್ರದೊಂದಿಗಿನ ಗಡಿಯ ಪ್ರಶ್ನೆಯಲ್ಲಿ ನಾನು ಕನ್ನಡದ ಪಕ್ಷ, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಪಾಠಗಳು ಮರಾಠಿಯಲ್ಲೂ ಇರಬೇಕು, ಉರ್ದುವಿನಲ್ಲೂ ಇರಬೇಕು. ಹೊಟ್ಟೆನೋವನ್ನು ಮಗು ಮನೆಮಾತಿನಲ್ಲೇ ಹೇಳುತ್ತದೆ. ಅದಕ್ಕೆ ಉತ್ತರವೂ ಅದೇ ಮಾತಿನಲ್ಲಿ ಸಿಕ್ಕರೆ ಕನ್ನಡಕ್ಕೆ ಯಾವ ನಷ್ಟವೂ ಇಲ್ಲ, ಕನ್ನಡ ನಾಡಿನ ಮಗುವೊಂದು ಉಳಿಯುತ್ತದೆ.

ಪ್ರತಿ ಚಳಿಗಾಲ ಶಾಸಕರೆಲ್ಲ ನಮ್ಮ ಸುವರ್ಣ ವಿಧಾನಸೌಧಕ್ಕೆ ಬರುತ್ತಾರೆ. ಖಾನಾಪುರ ಅಲ್ಲಿಂದ ಒಂದು ತಾಸಿನ ಹಾದಿ. ಶಾಸಕರೇ, ಈ ಬಾರಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಮಾತ್ರೆ ಹಂಚುವ ಹೊತ್ತಿಗೆ ಯಾವುದಾದರೂ ಸಾಲಿಯ ಬಾಗಿಲಲ್ಲಿ ನಿಲ್ಲಿ. ‘ಇದ್ಯಾಕ್ರೀ ಅಕ್ಕೋರ?’ ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಆ ಅಕ್ಕೋರಿಗೆ ಉತ್ತರ ಗೊತ್ತಿಲ್ಲದಿದ್ದರೆ, ಉತ್ತರ ಹೇಳಬೇಕಾದವರು ನೀವು.